ರೋಮನ್ ದಂಡಿನ ಲೆಕ್ಕದಲ್ಲಿ ಹೇಸರಗತ್ತೆ

ರೋಮನ್ ಸೈನ್ಯವೆಂದೊಡನೆ ಶಿರಸ್ತ್ರಾಣ, ಗುರಾಣಿ, ಕಿರುಗತ್ತಿಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಆ ಸೈನ್ಯದ ಖರ್ಚಿನ ಬಾಬುಗಳನ್ನು ಒಂದೊಂದಾಗಿ ಪರಿಶೀಲಿಸಿದಲ್ಲಿ, ಅನೇಕ ಯುದ್ಧಗಳ ಗತಿಯನ್ನು ನಿರ್ಧರಿಸಿದ ಬಾಬು ಮೇವಿನದೆಂಬುದು ಸ್ಪಷ್ಟವಾಗುತ್ತದೆ.

ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪೊಲಿಬಿಯಸ್ ಈ ಬಗೆಗೆ ನಿಖರವಾದ ಅಂಕಿಗಳನ್ನು ನೀಡಿದ್ದಾನೆ. ರೋಮನ್ ಕಾಲಾಳಿಗೆ ತಿಂಗಳಿಗೆ ಮೂರನೇ ಎರಡು ಮೆಡಿಮ್ನಸ್, ಎಂದರೆ ಸುಮಾರು 35 ಲೀಟರಿನಷ್ಟು ಗೋಧಿ ದೊರೆಯುತ್ತಿತ್ತು. ಅಶ್ವಾರೋಹಿಗೆ 2 ಮೆಡಿಮ್ನಸ್ ಗೋಧಿ ಹಾಗೂ 7 ಮೆಡಿಮ್ನಸ್ ಬಾರ್ಲಿ. ಸವಾರನ ಸೇವಕರು, ಹೆಚ್ಚುವರಿ ಪ್ರಾಣಿಗಳು ಇದರಲ್ಲಿ ಸೇರಿದ್ದರೆಂದು ಭಾವಿಸಿದರೂ, ಬಾರ್ಲಿಯ ಅಳತೆಯೊಂದೇ ಕಾಲಾಳಿನ ಗೋಧಿಯ ಹತ್ತೂವರೆ ಪಟ್ಟು! ರೋಮನ್ ಸೈನಿಕರಿಗೆ ಕೊಟ್ಟ ಧಾನ್ಯದ ಬೆಲೆಯನ್ನು ಖಜಾನೆಯ ಅಧಿಕಾರಿಯು ಅವರ ವೇತನದಲ್ಲಿಯೇ ಮುರಿದುಕೊಳ್ಳುತ್ತಿದ್ದನು. ಮಿತ್ರಪಡೆಗಳವರಿಗೆ ಮಾತ್ರ ಅದು ಉಚಿತವಾಗಿತ್ತು.

ಕುದುರೆಗಿಂತಲೂ ಸಂಖ್ಯೆಯಲ್ಲಿ ಹೆಚ್ಚಿನದು ಹೇಸರಗತ್ತೆ. ಎಂಟು ಸೈನಿಕರಿಗೆ ಒಂದು ಚರ್ಮದ ಡೇರೆ. ಅದನ್ನೂ ಧಾನ್ಯ ಬೀಸುವ ಕಲ್ಲನ್ನೂ ಹೊರಲು ಒಂದು ಹೇಸರಗತ್ತೆ. 4,800 ಜನರ ಲೀಜನ್ ಒಂದಕ್ಕೆ ಈ ಲೆಕ್ಕದಲ್ಲಿಯೇ 600 ಪ್ರಾಣಿಗಳಾದವು. ಅಧಿಕಾರಿಗಳ ಸಾಮಾನು, ಧಾನ್ಯ, ಯಂತ್ರಗಳ ಹೊರೆ ಬೇರೆ. ಹೇಸರಗತ್ತೆಗೆ ಸಂತಾನವಿಲ್ಲದ ಕಾರಣ, ಸತ್ತ ಪ್ರತಿಯೊಂದು ಪ್ರಾಣಿಯ ಸ್ಥಾನಕ್ಕೂ ಹೊಸದನ್ನು ಕೊಳ್ಳಲೇಬೇಕಿತ್ತು. ಸವಕಳಿ ನಿಧಿಯನ್ನು ತೆಗೆದಿರಿಸದೆ ನಡೆಸಲಾಗದ ಉದ್ಯಮವೆಂದರೆ ತಪ್ಪಾಗಲಾರದು.

ಈ ಬಾಬನ್ನು ಶತ್ರುವಿನ ಮರ್ಮಸ್ಥಾನವೆಂದು ಗುರುತಿಸಿದವನು ಜೂಲಿಯಸ್ ಸೀಸರ್. ಕ್ರಿ.ಪೂ. 48ರಲ್ಲಿ ಇಂದಿನ ಅಲ್ಬೇನಿಯಾದ ಕರಾವಳಿಯ ಡಿರ್ರಾಕಿಯಂ ಬಳಿ ಆತನು ಪಾಂಪೆಯ ದೊಡ್ಡ ಸೈನ್ಯದ ಸುತ್ತ 17 ಮೈಲಿಗಳ ಕೋಟೆಸಾಲನ್ನು ಕಟ್ಟತೊಡಗಿದನು. ಪಾಂಪೆಯ ಬಳಿ ಹಡಗುಗಳಿದ್ದವು. ಅವನ ಸೈನಿಕರಿಗೆ ಧಾನ್ಯ ಸಮುದ್ರದ ಮೂಲಕ ಬರುತ್ತಿತ್ತು. ಹಸಿದವರು ಸೀಸರನ ಕಡೆಯವರೇ. ಅವರು ಬಾರ್ಲಿ, ಕಾಳುಗಳ ಮೇಲೆ, ಎಪೈರಸ್ ಪ್ರಾಂತ್ಯದಿಂದ ಬಂದ ದನಕರುಗಳ ಮಾಂಸದ ಮೇಲೆ, ಕೊನೆಗೆ ಗೆಡ್ಡೆಯೊಂದನ್ನು ಹಾಲಿನಲ್ಲಿ ಕಲಸಿ ಮಾಡಿದ ರೊಟ್ಟಿಯ ಮೇಲೆ ದಿನ ಕಳೆದರು. ಆದರೆ ಪಾಂಪೆಯ ಅಶ್ವದಳವನ್ನು ಮೇವಿಗೆ ಹೊರಡದಂತೆ ತಡೆದು ನಿರುಪಯುಕ್ತಗೊಳಿಸುವುದು ಈ ಕೋಟೆಸಾಲಿನ ಒಂದು ಉದ್ದೇಶವೆಂದು ಸೀಸರನೇ ತನ್ನ ಗ್ರಂಥದಲ್ಲಿ ಬರೆದಿದ್ದಾನೆ.

ಧಾನ್ಯವನ್ನು ಹಡಗಿನಲ್ಲಿ ತರಬಹುದು, ಸಾವಿರಾರು ಪ್ರಾಣಿಗಳಿಗೆ ಬೇಕಾದಷ್ಟು ಹುಲ್ಲನ್ನು ತರುವುದು ದುಸ್ಸಾಧ್ಯ. ಸೀಸರನು ತೊರೆಗಳನ್ನು ತಿರುಗಿಸಿ ನೀರನ್ನೂ ತಡೆದನು. ಒಳಗಿದ್ದ ಪೈರು ಮುಗಿದ ಮೇಲೆ ಕುದುರೆಗಳಿಗೆ ಮರದ ಎಲೆಗಳನ್ನೂ ಜಜ್ಜಿದ ಎಳೆಯ ಜೊಂಡಿನ ಬೇರುಗಳನ್ನೂ ತಿನ್ನಿಸಲಾಯಿತು. ದೂರದ ಕಾರ್ಸಿರಾ, ಅಕಾರ್ನೇನಿಯಾಗಳಿಂದ ಮೇವು ತರಿಸಲಾಯಿತು. ಕುದುರೆಗಳನ್ನು ಹೇಗೋ ಉಳಿಸಿಕೊಂಡಿದ್ದಾರೆ, ಉಳಿದ ಪ್ರಾಣಿಗಳೆಲ್ಲ ಸತ್ತಿವೆ ಎಂದು ಅಲ್ಲಿಂದ ಓಡಿಬಂದವರು ತಿಳಿಸಿದರು. ಹೊರೆಯ ಪ್ರಾಣಿಗಳಿಲ್ಲದ ಸೈನ್ಯ ಸಮುದ್ರತೀರದಿಂದ ಎಷ್ಟು ದೂರ ನಡೆದೀತು? ಮುತ್ತಿಗೆಯನ್ನು ಭೇದಿಸಿ ಹೊರಬರುವುದು ಪಾಂಪೆಗೆ ಅನಿವಾರ್ಯವಾಯಿತು.

ಅವನಿಗೆ ದಾರಿ ತೋರಿಸಿದ್ದು ಒಂದು ಲೆಕ್ಕಪತ್ರದ ವಂಚನೆಯೆಂಬುದು ಗಮನಾರ್ಹ. ಸೀಸರನ ಅಶ್ವದಳದಲ್ಲಿದ್ದ ರೌಸಿಲ್ಲಸ್ ಮತ್ತು ಈಗಸ್ ಎಂಬ ಸಹೋದರರು ಸವಾರರ ಸಂಖ್ಯೆಯನ್ನು ಸುಳ್ಳಾಗಿ ತೋರಿಸಿ ವೇತನವನ್ನು ಕಬಳಿಸುತ್ತಿದ್ದರು. ದೂರು ಬಂದಾಗ ಸೀಸರನು ಬಹಿರಂಗ ವಿಚಾರಣೆಯನ್ನು ಮುಂದೂಡಿ ಖಾಸಗಿಯಾಗಿ ಗದರಿಸಿ ಬಿಟ್ಟನು. ನಷ್ಟ ತುಂಬಿಕೊಡುವವರಂತೆ ಅವರು ದೊಡ್ಡ ಮೊತ್ತದ ಸಾಲ ಪಡೆದು, ಆ ಹಣದಲ್ಲಿ ಕುದುರೆಗಳನ್ನು ಕೊಂಡು, ಅವುಗಳೊಂದಿಗೆ ಪಾಂಪೆಯನ್ನು ಸೇರಿ ಕೋಟೆಸಾಲಿನ ದುರ್ಬಲ ಸ್ಥಳಗಳನ್ನೆಲ್ಲ ತಿಳಿಸಿದರು. ಮುತ್ತಿಗೆ ಮುರಿಯಿತು, ಸೀಸರನು ಹಿಮ್ಮೆಟ್ಟಬೇಕಾಯಿತು. ಅದೇ ವರ್ಷ ಫಾರ್ಸಾಲಸ್‌ನಲ್ಲಿ ಆತನು ಗೆದ್ದನಾದರೂ, ಆ ಶಿಸ್ತುಕ್ರಮದ ವಿಳಂಬಕ್ಕೆ ತೆತ್ತ ಬೆಲೆ ಸಣ್ಣದೇನಲ್ಲ.

ಈ ಪ್ರಾಣಿಗಳ ಪೂರೈಕೆ ಒಂದು ದೊಡ್ಡ ವ್ಯಾಪಾರವೂ ಆಗಿತ್ತು. ಪ್ರಾಂತ್ಯಗಳಿಗೆ ಹೊರಡುವ ಅಧಿಕಾರಿಗಳಿಗೆ ಹೇಸರಗತ್ತೆ, ಗಾಡಿಗಳನ್ನು ಸರ್ಕಾರದ ಗುತ್ತಿಗೆಯ ಮೇಲೆ ಒದಗಿಸುತ್ತಿದ್ದವರಲ್ಲಿ ವೆಂಟಿಡಿಯಸ್ ಬಾಸಸ್ ಒಬ್ಬ. ಕ್ರಿ.ಪೂ. 89ರಲ್ಲಿ ಪಾಂಪೆಯ ತಂದೆಯ ವಿಜಯೋತ್ಸವದ ಮೆರವಣಿಗೆಯಲ್ಲಿ ತಾಯಿಯೊಡನೆ ಬಂದಿಯಾಗಿ ಸಾಗಿದ್ದ ಶಿಶುವೀತ. ಬಡತನದಲ್ಲಿ ಬೆಳೆದು, ಈ ಗುತ್ತಿಗೆಯ ವ್ಯವಹಾರದಲ್ಲಿಯೇ ಸೀಸರನ ಪರಿಚಯವಾಗಿ, ಅವನೊಡನೆ ಗಾಲ್ ದೇಶಕ್ಕೆ ತೆರಳಿದನು. ಕ್ರಿ.ಪೂ. 43ರಲ್ಲಿ ಆತನು ಕಾನ್ಸಲ್ ಪದವಿಗೇರಿದಾಗ ರೋಮಿನ ಜನ ರೊಚ್ಚಿಗೆದ್ದು, ಹೇಸರಗತ್ತೆಯ ಮೈ ಉಜ್ಜುತ್ತಿದ್ದವನೆಂದು ಬೀದಿಬೀದಿಗಳಲ್ಲಿ ಅಣಕದ ಪದ್ಯ ಬರೆದರಂತೆ. ಐದು ವರ್ಷಗಳ ತರುವಾಯ, ಅಶ್ವದಳಕ್ಕೆ ಹೆಸರಾದ ಪಾರ್ಥಿಯನ್ನರನ್ನು ಸೋಲಿಸಿ, ಅವರ ಮೇಲಿನ ವಿಜಯೋತ್ಸವವನ್ನು ರೋಮಿನಲ್ಲಿ ಮೊಟ್ಟಮೊದಲಿಗೆ ಆಚರಿಸಿದವನೂ ಇದೇ ಗುತ್ತಿಗೆದಾರ.