ವೈದ್ಯವಿದ್ಯಾರ್ಥಿಗಳ ಬೇಸಿಗೆ ಸಂಶೋಧನೆ ಮತ್ತು ಮಾರ್ಗದರ್ಶಕರ ಹೊಣೆ

ವೈದ್ಯಶಿಕ್ಷಣದ ಅವಧಿಯಲ್ಲಿ ವಿದ್ಯಾರ್ಥಿಗೆ ಸಂಶೋಧನೆಯ ಮೊದಲ ಪರಿಚಯವಾಗುವುದು ಬಹುಮಟ್ಟಿಗೆ ಅಲ್ಪಾವಧಿಯ ಕಾರ್ಯವೊಂದರ ಮೂಲಕ. ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆಯ ದೀರ್ಘ ರಜೆಯನ್ನು ಅಧ್ಯಾಪಕರೊಬ್ಬರ ಪ್ರಯೋಗಾಲಯದಲ್ಲಿ ಕಳೆಯುವ ಪದ್ಧತಿ ಹಿಂದಿನಿಂದಲೂ ಇದೆ. ಕೆಲವೇ ವಾರಗಳಲ್ಲಿ, ಅನುಭವವಿಲ್ಲದ ವಿದ್ಯಾರ್ಥಿಯಿಂದ ಗಣನೀಯವಾದುದೇನು ಸಾಧ್ಯ ಎಂಬ ಸಂದೇಹ ಸಹಜವಾದುದು. ವೈದ್ಯವಿಜ್ಞಾನದ ಇತಿಹಾಸದಲ್ಲಿ ವಿದ್ಯಾರ್ಥಿಗಳು ಪಾಲ್ಗೊಂಡ ಮೂರು ಪ್ರಸಂಗಗಳನ್ನು ಪರಿಶೀಲಿಸಿದರೆ, ಇಂತಹ ಕಾರ್ಯದ ಫಲವು ಅವಧಿಯ ದೈರ್ಘ್ಯಕ್ಕಿಂತ ಹೆಚ್ಚಾಗಿ ಮಾರ್ಗದರ್ಶಕರ ನಡೆಯನ್ನು ಅವಲಂಬಿಸಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ಬರ್ಲಿನ್ ನಗರದ್ದು. ಪಾಲ್ ಲ್ಯಾಂಗರ್‌ಹಾನ್ಸ್ ಅವರು ರುಡಾಲ್ಫ್ ವಿರ್ಖೊ ಅವರ ಸಂಸ್ಥೆಯಲ್ಲಿ ಅಧ್ಯಯನ ಕೈಗೊಂಡು, 1869ರಲ್ಲಿ ಮೇದೋಜೀರಕ ಗ್ರಂಥಿಯ ಸೂಕ್ಷ್ಮರಚನೆಯನ್ನು ಕುರಿತ ತಮ್ಮ ಪದವಿಪ್ರಬಂಧವನ್ನು ಸಲ್ಲಿಸಿದರು. ಸುತ್ತಲಿನ ಅಂಗಾಂಶಕ್ಕಿಂತ ಭಿನ್ನವಾದ ಜೀವಕೋಶಗಳ ಪುಟ್ಟ ಗುಂಪುಗಳನ್ನು ಅವರು ಅದರಲ್ಲಿ ವರ್ಣಿಸಿದ್ದರು. ಅವುಗಳ ಕಾರ್ಯವೇನೆಂಬುದು ತಮಗೆ ತಿಳಿದಿಲ್ಲವೆಂದು ಅವರು ಮರೆಮಾಚದೆ ಒಪ್ಪಿಕೊಂಡಿದ್ದರು. 1893ರಲ್ಲಿ ಫ್ರಾನ್ಸಿನ ಲಗೆಸ್ ಅವರು ಈ ಗುಂಪುಗಳಿಗೆ ಲ್ಯಾಂಗರ್‌ಹಾನ್ಸರ ಹೆಸರನ್ನೇ ಇಟ್ಟರು. ಕಂಡದ್ದನ್ನು ಕಂಡಷ್ಟೇ ದಾಖಲಿಸುವ ಶಿಸ್ತು ವಿದ್ಯಾರ್ಥಿಯ ಕೃತಿಯನ್ನೂ ಚಿರಸ್ಥಾಯಿಯಾಗಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಆ ಜೀವಕೋಶಗಳ ಸ್ರಾವವನ್ನು ಪ್ರತ್ಯೇಕಿಸುವ ಯತ್ನವು ಐದು ದಶಕಗಳ ತರುವಾಯ ಕೆನಡಾದ ಟೊರಾಂಟೊದಲ್ಲಿ ಫಲಿಸಿತು. 1921ರ ಬೇಸಿಗೆಯಲ್ಲಿ ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಅವರಿಗೆ ಪ್ರಾಧ್ಯಾಪಕ ಜೆ. ಜೆ. ಆರ್. ಮ್ಯಾಕ್ಲಿಯಡ್ ಅವರು ಪ್ರಯೋಗಾಲಯವನ್ನೂ ನಾಯಿಗಳನ್ನೂ ಒದಗಿಸಿ, ಚಾರ್ಲ್ಸ್ ಬೆಸ್ಟ್ ಅವರನ್ನು ಸಹಾಯಕರಾಗಿ ನೀಡಿದರು. ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದಲ್ಲಿ ಆಗಷ್ಟೇ ಪದವಿ ಮುಗಿಸಿದ್ದ ಬೆಸ್ಟ್ ಅವರಿಗೆ ಆಗ 22 ವರ್ಷ. ವೈದ್ಯಪದವಿಯನ್ನು ಅವರು ಪಡೆದುದು 1925ರಲ್ಲಿ. ರಕ್ತ ಮತ್ತು ಮೂತ್ರದಲ್ಲಿನ ಸಕ್ಕರೆಯ ಪ್ರಮಾಣವನ್ನು ಅಳೆಯುವ ಕೌಶಲ ಅವರಿಗಿತ್ತು. ಬ್ಯಾಂಟಿಂಗ್ ಅವರಿಗೆ ಅಗತ್ಯವಾಗಿದ್ದುದೂ ಅದೇ. ಆರಂಭದ ಶಸ್ತ್ರಕ್ರಿಯೆಗಳಲ್ಲಿ ಮಾರ್ಗದರ್ಶನ ನೀಡಿ ಸ್ಕಾಟ್ಲೆಂಡಿಗೆ ತೆರಳಿದ ಮ್ಯಾಕ್ಲಿಯಡ್ ಅವರು, ಅನಂತರ ಬಂದ ಫಲಿತಾಂಶಗಳಲ್ಲಿನ ಸಂದೇಹಗಳನ್ನು ಎತ್ತಿ ತೋರಿ, ಪ್ರಯೋಗಗಳನ್ನು ಮತ್ತೆ ನಡೆಸುವಂತೆ ಸೂಚಿಸಿದರು. ಈ ನಿಷ್ಠುರತೆ ಆಗ ಕಹಿಯೆನಿಸಿದರೂ ಕಾರ್ಯಕ್ಕೆ ಅದರಿಂದ ಬಲ ಬಂದಿತು. ವರ್ಷಾಂತ್ಯದಲ್ಲಿ ಬಂದು ಸೇರಿದ ಜೇಮ್ಸ್ ಕಾಲಿಪ್ ಅವರು ಸಾರವನ್ನು ಶುದ್ಧೀಕರಿಸಿದ ಮೇಲೆ, 1922ರ ಜನವರಿಯಲ್ಲಿ ಇನ್ಸುಲಿನ್ ಬಾಲರೋಗಿಯೊಬ್ಬನಲ್ಲಿ ಫಲಕಾರಿಯಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಪ್ರಕಟವಾದ ಮೊದಲ ಪ್ರಬಂಧದ ಕರ್ತೃಗಳು ಬ್ಯಾಂಟಿಂಗ್ ಮತ್ತು ಬೆಸ್ಟ್ ಇಬ್ಬರೇ. ಆದರೆ 1923ರ ನೊಬೆಲ್ ಪುರಸ್ಕಾರ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ಸಂದಿತು. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್ ಅವರಿಗೂ, ಮ್ಯಾಕ್ಲಿಯಡ್ ತಮ್ಮ ಪಾಲಿನದನ್ನು ಕಾಲಿಪ್ ಅವರಿಗೂ ಹಂಚಿದರು.

ಮೂರನೆಯ ಪ್ರಸಂಗವು ಇದಕ್ಕೆ ತುಸು ಮುಂಚಿನದು. ಬೇಸಿಗೆಗೆ ಸೀಮಿತವಾದುದಲ್ಲವಾದರೂ ಅಲ್ಪಾವಧಿಯದೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಲ್ಲಿ ವಿಲಿಯಂ ಹೊವೆಲ್ ಅವರು ತಮ್ಮ ವಿದ್ಯಾರ್ಥಿ ಜೇ ಮೆಕ್ಲೀನ್ ಅವರಿಗೆ, ರಕ್ತವನ್ನು ಹೆಪ್ಪುಗಟ್ಟಿಸುವ ಸೆಫಾಲಿನ್ ಎಂಬ ದ್ರವ್ಯವನ್ನು ಪರೀಕ್ಷಿಸುವ ಕೆಲಸವನ್ನು ವಹಿಸಿದ್ದರು. ಯಕೃತ್ತಿನಿಂದ ತೆಗೆದ ಸಾರವು ಇದಕ್ಕೆ ವ್ಯತಿರಿಕ್ತವಾಗಿ ಹೆಪ್ಪುಗಟ್ಟುವಿಕೆಯನ್ನೇ ತಡೆಯುತ್ತಿರುವುದನ್ನು ಮೆಕ್ಲೀನ್ ಗುರುತಿಸಿದರು. 1916ರಲ್ಲಿ ಪ್ರಬಂಧ ಅವರ ಹೆಸರಿನಲ್ಲಿಯೇ ಪ್ರಕಟವಾಯಿತು. 1918ರಲ್ಲಿ ಹೊವೆಲ್ ಅವರು ಎಮೆಟ್ ಹೋಲ್ಟ್ ಎಂಬ ಮತ್ತೊಬ್ಬ ಯುವಸಹಾಯಕರೊಡನೆ ಈ ಶೋಧವನ್ನು ಮುಂದುವರಿಸಿ, 'ಹೆಪಾರಿನ್' ಎಂಬ ಹೆಸರನ್ನು ಬಳಕೆಗೆ ತಂದರು. ಶೋಧದ ಶ್ರೇಯಸ್ಸು ಯಾರದೆಂಬ ವಿವಾದ ಮಾತ್ರ ಮೆಕ್ಲೀನ್ ಅವರ ಜೀವಿತದುದ್ದಕ್ಕೂ ಉಳಿಯಿತು. 1930ರ ದಶಕದಲ್ಲಿ ಹೆಪಾರಿನ್ನನ್ನು ಶುದ್ಧೀಕರಿಸಿ ಚಿಕಿತ್ಸೆಗೆ ಯೋಗ್ಯವಾಗಿಸುವಲ್ಲಿ ಪ್ರಧಾನ ಪಾತ್ರ ವಹಿಸಿದ ಟೊರಾಂಟೊ ತಂಡವನ್ನು ರೂಪಿಸಿದವರು, ಒಮ್ಮೆ ಬೇಸಿಗೆಯ ಸಹಾಯಕರಾಗಿದ್ದ ಬೆಸ್ಟ್ ಅವರೇ ಎಂಬುದು ಗಮನಾರ್ಹ.

ಈ ಪ್ರಸಂಗಗಳಿಂದ ಮಾರ್ಗದರ್ಶಕರ ಹೊಣೆಗಳು ಮೂರು ಎಂದು ನಿಷ್ಕರ್ಷಿಸಬಹುದು. ದೊರೆಯುವ ಕಾಲಕ್ಕೆ ತಕ್ಕಂತೆ ಪ್ರಶ್ನೆಯನ್ನು ಪರಿಮಿತಗೊಳಿಸುವುದು ಮೊದಲನೆಯದು. ನಿರೀಕ್ಷಿತ ಉತ್ತರ ಬಾರದಿದ್ದಾಗ ಅದನ್ನು ತಳ್ಳಿಹಾಕದೆ, ಬಂದ ಉತ್ತರವನ್ನು ಸುಲಭವಾಗಿ ಒಪ್ಪದೆ, ಪರೀಕ್ಷೆಗೆ ಒಡ್ಡುವುದನ್ನು ಕಲಿಸುವುದು ಎರಡನೆಯದು. ವಿದ್ಯಾರ್ಥಿಯ ಪಾಲನ್ನು ಆರಂಭದಲ್ಲಿಯೇ ನಿರ್ಣಯಿಸಿ ದಾಖಲಿಸುವುದು ಮೂರನೆಯದು. ಮೂರನೆಯದು ಲೋಪವಾದಲ್ಲಿ ಮೊದಲೆರಡರ ಫಲವೂ ಕಲಹದಲ್ಲಿ ಕಳೆದುಹೋಗುವ ಸಂಭವವಿದೆ.

ಭಾರತದಲ್ಲಿ ಈ ದಿಶೆಯಲ್ಲಿ ನಡೆದ ಮಹತ್ವದ ಪ್ರಯತ್ನವೆಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ. ಸ್ನಾತಕ ವೈದ್ಯವಿದ್ಯಾರ್ಥಿಯು ತನ್ನ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಂಶೋಧನೆ ಕೈಗೊಂಡು ವರದಿ ಸಲ್ಲಿಸುವುದು ಇದರ ಸ್ವರೂಪ. ವರದಿ ಅಂಗೀಕೃತವಾದ ಮೇಲೆಯೇ ವೇತನ ಮತ್ತು ಪ್ರಮಾಣಪತ್ರ ದೊರೆಯುವ ವ್ಯವಸ್ಥೆ ರೂಪುಗೊಂಡಿತು. ಆದರೆ ಪಾಶ್ಚಾತ್ಯ ದೇಶಗಳಂತಹ ದೀರ್ಘ ಬೇಸಿಗೆ ರಜೆ ನಮ್ಮ ವೈದ್ಯಕಾಲೇಜುಗಳಲ್ಲಿಲ್ಲ. ತರಗತಿ, ವಾರ್ಡಿನ ಕೆಲಸ ಹಾಗೂ ಪರೀಕ್ಷೆಗಳ ನಡುವೆಯೇ ಎರಡು ತಿಂಗಳನ್ನು ಹೊಂದಿಸಿಕೊಳ್ಳಬೇಕು. ರೋಗಿಗಳನ್ನು ಒಳಗೊಳ್ಳುವ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮೋದನೆ ಮುಂಚಿತವಾಗಿಯೇ ಬೇಕು. ಆದ್ದರಿಂದ ಇಲ್ಲಿ ಮಾರ್ಗದರ್ಶಕರ ಕೆಲಸ ವಿದ್ಯಾರ್ಥಿಯ ಕೆಲಸಕ್ಕಿಂತ ಬಹು ಮೊದಲೇ ಆರಂಭವಾಗಬೇಕಾಗುತ್ತದೆ.

ಅಲ್ಪಾವಧಿಯ ಸಂಶೋಧನೆಗಳೆಲ್ಲವೂ ಇನ್ಸುಲಿನ್ ಅಥವಾ ಹೆಪಾರಿನ್‌ನಂತಹ ಶೋಧಗಳಿಗೆ ಎಡೆಮಾಡಿಕೊಡಲಾರವು. ಅಂತಹ ಅಪೇಕ್ಷೆಯೂ ಸಲ್ಲದು. ಪಠ್ಯವು ಹೇಳಿದ್ದನ್ನು ಒಪ್ಪುವ ಮೊದಲು ಅದರ ಆಧಾರವನ್ನು ಕೇಳುವ ಅಭ್ಯಾಸ ಬೆಳೆದರೆ ಅದೇ ಸಾರ್ಥಕ. ಮುಂದೆ ರೋಗಿಯ ಹಾಸಿಗೆಯ ಬಳಿ ನಿಂತು ನಿರ್ಣಯ ಕೈಗೊಳ್ಳಬೇಕಾದ ವೈದ್ಯನಿಗೆ ಈ ಅಭ್ಯಾಸದಷ್ಟು ಉಪಯುಕ್ತವಾದುದು ವಿರಳ.