ಉಪ್ಪಲ್‌ನ ಸ್ವಿಚ್ಚಿಗೆ ಕರೆಂಟು ಬರುವ ದಾರಿ

ಹೈದರಾಬಾದ್ ಮೆಟ್ರೋಗೆ ವಿದ್ಯುತ್ ಪಡೆಯುವ ಉಪಕೇಂದ್ರಗಳಲ್ಲಿ ಒಂದು ಉಪ್ಪಲ್‌ನಲ್ಲಿದೆ. 132 ಕಿಲೋವೋಲ್ಟ್‌ನಲ್ಲಿ ಬಂದ ಕರೆಂಟು ಅಲ್ಲಿ ಇಳಿದು, ರೈಲಿನ ಮೇಲಿನ ತಂತಿಗೆ 25 ಕಿಲೋವೋಲ್ಟ್ ಆಗಿ ಹೋಗುತ್ತದೆ. ಪಕ್ಕದ ಬೀದಿಯ ಮನೆಗಳಿಗೆ ಸಿಗುವುದು 230 ವೋಲ್ಟ್ ಮಾತ್ರ. ಈ ಏರಿಸಿ ಇಳಿಸುವ ಗೊಡವೆ ಯಾಕೆ?

ಕರೆಂಟು ಹುಟ್ಟಿಸುವ ಗುಟ್ಟು 1831ರಲ್ಲೇ ವಿಜ್ಞಾನಿ ಫ್ಯಾರಡೆಗೆ ಸಿಕ್ಕಿತ್ತು: ತಾಮ್ರದ ಸುರುಳಿಯ ಬಳಿ ಅಯಸ್ಕಾಂತ ತಿರುಗಬೇಕು, ಅಷ್ಟೇ. ತಿರುಗಿಸುವುದು ರಾಮಗುಂಡಂನಲ್ಲಿ ಕಲ್ಲಿದ್ದಲಿನಿಂದ ಕಾದ ನೀರಿನ ಹಬೆ, ಶಿವನಸಮುದ್ರದಲ್ಲಿ ಧುಮುಕುವ ಕಾವೇರಿ. ನಿಜವಾದ ಕಸುಬುಗಾರಿಕೆ ಇರುವುದು ಸಾಗಿಸುವುದರಲ್ಲಿ. ಹರಿಯುವ ಕರೆಂಟಿನಿಂದ ತಂತಿ ಬಿಸಿಯಾಗುತ್ತದೆ, ಆ ಬಿಸಿಯೆಲ್ಲ ನಷ್ಟವೇ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ಹತ್ತನೇ ಒಂದು ಪಾಲು ಕರೆಂಟು ಸಾಕು. ಅದೇ ತಂತಿಯಲ್ಲಿ ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ!

ಈ ಲೆಕ್ಕವನ್ನು ನಂಬಿ ಮೈಸೂರು ಸಂಸ್ಥಾನ ದೊಡ್ಡ ಸಾಹಸಕ್ಕೇ ಕೈಹಾಕಿತು. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಯೋಜನೆ ಹಾಕಿದರು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದೂರ ಸುಮಾರು 147 ಕಿಲೋಮೀಟರ್, ವೋಲ್ಟೇಜು 35,000 ವೋಲ್ಟ್. ಅಷ್ಟು ಉದ್ದದ ಲೈನು ಆಗ ಜಗತ್ತಿನಲ್ಲೇ ಅಪರೂಪ. ಸಾಹಸ ಪೂರ್ತಿಯಾದದ್ದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ. ಗಣಿ ಮೊದಲು, ಬೀದಿ ಆಮೇಲೆ, ಸಾಮಾನ್ಯರ ಮನೆ ಎಲ್ಲಕ್ಕಿಂತ ಕೊನೆಗೆ. ದುಡ್ಡು ಎಲ್ಲಿಂದ ಬರುತ್ತಿತ್ತೋ ಬೆಳಕೂ ಅಲ್ಲಿಗೇ ಮೊದಲು ಹೋಯಿತು ಅನ್ನಬೇಕು.

ಹೀಗೆ ವೋಲ್ಟೇಜು ಏರಿಸಿ ಇಳಿಸುವ ಯಂತ್ರವೇ ಟ್ರಾನ್ಸ್‌ಫಾರ್ಮರ್. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿ. ಒಂದಕ್ಕೊಂದು ತಾಗುವುದಿಲ್ಲ, ಒಳಗೆ ತಿರುಗುವ ಚಕ್ರವೂ ಇಲ್ಲ. ಒಂದರಲ್ಲಿ ಕರೆಂಟು ಹಿಂದೆಮುಂದೆ ಆಡಿದರೆ ತಿರುಳಿನ ಕಾಂತಬಲವೂ ಹಾಗೇ ಆಡಿ ಇನ್ನೊಂದರಲ್ಲಿ ಕರೆಂಟು ಎಬ್ಬಿಸುತ್ತದೆ. ಎರಡನೆಯದರಲ್ಲಿ ಸುತ್ತು ಹೆಚ್ಚಿದ್ದರೆ ವೋಲ್ಟೇಜು ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ದಿಕ್ಕು ಬದಲಿಸದ ಬ್ಯಾಟರಿ ಕರೆಂಟಿಗೆ ಈ ಆಟ ಬಾರದು. ದೂರದ ಊರಿಗೆ ಸಾಗಿಸುವಲ್ಲಿ ಹಿಂದೆಮುಂದೆ ಆಡುವ ಕರೆಂಟು, ಅಂದರೆ ಎಸಿ, ಗೆದ್ದದ್ದು ಹೀಗೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಕೇಳುವ ಗುಂಯ್‌ಗುಡುವ ಸದ್ದು, ಕಾಂತಬಲ ಬದಲಾದಂತೆಲ್ಲ ತಿರುಳು ನಡುಗುವ ಸದ್ದು.

ಬೀದಿಯ ಟ್ರಾನ್ಸ್‌ಫಾರ್ಮರಿಗೆ ಬರುವುದು 11,000 ವೋಲ್ಟ್. ಮನೆಯ ಮೀಟರಿಗೆ ಹೋಗುವ ತಂತಿಯಲ್ಲಿ ವೋಲ್ಟೇಜು ಇಳಿದಿದ್ದರೂ ಕಂಬದ ಮೇಲಿನ ತಂತಿಯಲ್ಲಿ ಇನ್ನೂ ಇಳಿಯದೆ ಇರಬಹುದು. ಮಳೆಗಾಳಿಗೆ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ದೂರ ನಿಂತು 1912ಕ್ಕೆ ಫೋನ್ ಮಾಡಿ.