ಜಿಲ್ಲೆಯ ಗಡಿ ಮತ್ತು ಸಿದ್ದಿಗಳ ಆರೋಗ್ಯ

ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಅಳ್ನಾವರದ ಆಸುಪಾಸಿನಲ್ಲಿ ಕೂಡುತ್ತವೆ. ಸುತ್ತಲಿನ ಹಳಿಯಾಳ, ಖಾನಾಪುರ, ಕಲಘಟಗಿ ತಾಲ್ಲೂಕುಗಳ ಕಾಡಂಚಿನಲ್ಲಿ ಬದುಕುತ್ತಿರುವ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಗುಲಾಮರನ್ನಾಗಿ ತಂದವರಲ್ಲಿ ಹಲವರು ಒಡೆಯರಿಂದ ತಪ್ಪಿಸಿಕೊಂಡು, ಘಟ್ಟ ಹತ್ತಿ ಕಾಡು ಸೇರಿದರು. ಕಾಡಿನಲ್ಲಿ ಆಸರೆ ಸಿಕ್ಕಿತೇ ಹೊರತು ನೆಲದ ಒಡೆತನ ಸಿಗಲಿಲ್ಲ. ಅನೇಕರು ಪರರ ಹೊಲಗದ್ದೆಗಳಲ್ಲಿ ಕೂಲಿಗೂ ಸಾಲದ ಜೀತಕ್ಕೂ ದುಡಿದರು, ತಾವೇ ಹಸನು ಮಾಡಿದ ತುಂಡು ಭೂಮಿಯಲ್ಲಿ ಅತಿಕ್ರಮಣದಾರರೆನಿಸಿಕೊಂಡರು.

ಇಂಥವರ ಕಾಯಿಲೆಯ ಕಾರಣವನ್ನು ಅವರ ಜನಾಂಗದಲ್ಲೇ ಹುಡುಕುವ ಚಾಳಿ ಹಳೆಯದು. ಅಮೆರಿಕದ ಕಪ್ಪು ಜನರ ಹೆಚ್ಚಿನ ಸಾವುಗಳಿಗೆ ಅವರ ಹುಟ್ಟುಗುಣವೇ ಕಾರಣವೆಂದು ವಿಮಾ ಕಂಪನಿಯೊಂದರ ಅಂಕಿಸಂಖ್ಯಾತಜ್ಞ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ವಾದಿಸಿದಾಗ, ಸಮಾಜವಿಜ್ಞಾನಿ ಡು ಬೋಯಿಸ್ 1906ರ ವರದಿಯಲ್ಲಿ, ಕ್ಷಯವು ಜನಾಂಗದ ರೋಗವಲ್ಲ, ಬದುಕಿನ ಸ್ಥಿತಿಗತಿಯ ರೋಗವೆಂದು ತೋರಿಸಿಕೊಟ್ಟರು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆ ಕೂಡ, ವಂಶವಾಹಿಯಿಂದಲೇ ಬರುವುದಾದರೂ, ಮೈಬಣ್ಣಕ್ಕೆ ಅಂಟಿದ್ದಲ್ಲ. ಆ ವಂಶವಾಹಿಯ ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುವ ಕಾರಣ ಅದು ಮಲೇರಿಯಾ ಪೀಡಿತ ನಾಡುಗಳಲ್ಲಿ ಉಳಿದುಬಂದಿದೆ, ಭಾರತದಲ್ಲಿ 1952ರಲ್ಲಿಯೇ ನೀಲಗಿರಿಯ ಬುಡಕಟ್ಟು ಜನರಲ್ಲಿ ಪತ್ತೆಯಾಗಿದೆ.

ಸ್ಥಾನಮಾನವು ದೇಹದವರೆಗೆ ಇಳಿಯುವ ಬಗೆಯನ್ನು ಅಳ್ನಾವರದ ಸುತ್ತಲಿನ ಗಡಿರೇಖೆ ಯಾವ ಸಿದ್ಧಾಂತಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ಕುಲದ, ಅದೇ ಚಹರೆಯ, ಗಡಿಯಾಚೆಗೆ ಬೀಗತನವುಳ್ಳ ಧಾರವಾಡ ಮತ್ತು ಬೆಳಗಾವಿಯ ಸಿದ್ದಿಗಳು ಸೇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ಭೇದ ಇನ್ನಷ್ಟು ಕ್ರೂರವಾಯಿತು. ಸಾಗುವಳಿ ಮಾಡುತ್ತಿದ್ದ ಕಾಡುಭೂಮಿಯ ಹಕ್ಕುಪತ್ರ ಪಡೆಯಲು ಪಂಗಡಕ್ಕೆ ಸೇರಿದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನವನ್ನು ತೋರಿಸಿದರೆ ಸಾಕಿತ್ತು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕಿತ್ತು. ಓದುಬರಹದಿಂದ ದೂರವಿಟ್ಟಿದ್ದ ಮನೆತನಗಳಿಂದ ಮುತ್ತಜ್ಜನ ಕಾಲದ ಪುರಾವೆ ಕೇಳುವುದು ಅನ್ಯಾಯವಲ್ಲದೆ ಮತ್ತೇನು? ಹಕ್ಕುಪತ್ರವಿಲ್ಲದ ಭೂಮಿಗೆ ಬ್ಯಾಂಕಿನ ಬೆಳೆಸಾಲ ದೊರೆಯುವುದಿಲ್ಲ; ಕೂಲಿಯಿಲ್ಲದ ಮಳೆಗಾಲದಲ್ಲಿ ಮೊದಲು ಬೇಳೆ, ಮೊಟ್ಟೆ, ತರಕಾರಿ ತಟ್ಟೆಯಿಂದ ಮರೆಯಾಗುತ್ತವೆ, ಗರ್ಭಿಣಿಯ ರಕ್ತಹೀನತೆ ಕಡಿಮೆ ತೂಕದ ಕೂಸಿಗೆ ದಾರಿಯಾಗುತ್ತದೆ, ಜ್ವರ ಬಂದವರು ದಿನಗೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ.

ಸಂಸತ್ತು 2020ರ ತಿದ್ದುಪಡಿಯಿಂದ ಧಾರವಾಡ, ಬೆಳಗಾವಿಯ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ, 2003ರಲ್ಲಿ ಈ ಎರಡು ಜಿಲ್ಲೆಗಳಲ್ಲಿ ಹುಟ್ಟಿದ ಸಿದ್ದಿ ಮಗುವಿಗೆ ಹದಿನೇಳು ತುಂಬುತ್ತ ಬಂದಿತ್ತು. ಎಲುಬು ಬಲಿಯುವ, ಎತ್ತರ ಏರುವ ವಯಸ್ಸು ಬಹುಪಾಲು ಕಳೆದುಹೋಗಿತ್ತು.